ಅಟ್ಟದ ಮೇಲಿನ ಟೀವಿ ಗೇಮ್‌ಗೆ ಮತ್ತೆ ಜೀವ ಬರಿಸುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಸೆಟ್ಟು ಸಿಕ್ಕಿದ ಖುಷಿಯಲ್ಲಿ ಮನೆಯಲ್ಲಿರುವ ಯಾವುದೋ ಅಡಾಪ್ಟರ್ ತಂದು ಚುಚ್ಚಬೇಡಿ. ನಾನು ಚುಚ್ಚಿದೆ, ಅದಕ್ಕೇ ಹೇಳುತ್ತಿದ್ದೇನೆ.

ಯುಗಾದಿಗೆ ತುಮಕೂರಿಗೆ ಹೋಗಿದ್ದೆ. ಹೊಸತೊಡಕಿನ ಊಟಕ್ಕೆ ತಿಪಟೂರಿನ ಹತ್ತಿರ ಚಿಕ್ಕಪ್ಪನ ತೋಟದ ಮನೆಗೆ ಹೋದೆವು. ಊಟ ಮುಗಿದ ಮೇಲೆ ಚಿಕ್ಕಮ್ಮ, "ನಿಂದೊಂದು ಡಬ್ಬ ಅಟ್ಟದ ಮೇಲೈತೆ ನೋಡಪ್ಪ, ಇಟ್ಕೊತೀಯೋ ಎಸೀಲೋ" ಅಂದರು. ನಮ್ಮ ಕಡೆ ಅಟ್ಟ ಅಂದರೆ ಕೊಬ್ಬರಿಗೆ ಹಾಕಿದ ಕಾಯಿ, ಬೇರೆ ಸಾಮಾನಿಗೆ ಜಾಗವೇ ಇರುವುದಿಲ್ಲ. ಆ ಕಾಯಿಗಳ ಹಿಂದೆ, ಮೂಲೆಯಲ್ಲಿ, ಹಳೇ ಸೀರೆ ಸುತ್ತಿದ ರಟ್ಟಿನ ಡಬ್ಬ. ಒಳಗೆ ನಮ್ಮ ಟೀವಿ ಗೇಮ್. ಬೆಳ್ಳಗಿದ್ದ ಪ್ಲಾಸ್ಟಿಕ್ಕು ತುಪ್ಪದ ಬಣ್ಣಕ್ಕೆ ತಿರುಗಿತ್ತು. ಎರಡು ಜಾಯ್‌ಸ್ಟಿಕ್, ಒಂದು ಗನ್ನು, ನಾಲ್ಕು ಹಳದಿ ಕ್ಯಾಸೆಟ್. ಮೂಗಿನ ಹತ್ತಿರ ಹಿಡಿದರೆ ಕ್ಯಾಸೆಟ್ಟೂ ಕೊಬ್ಬರಿ ವಾಸನೆ. ಅಡಾಪ್ಟರ್ ಮಾತ್ರ ಇರಲಿಲ್ಲ.

ರಾತ್ರಿ ತುಮಕೂರಿಗೆ ವಾಪಸ್ ಬಂದವನೇ ಇಂಟರ್ನೆಟ್ ಮೋಡೆಮ್ಮಿನ ಅಡಾಪ್ಟರ್ ಕಿತ್ತು ಸೆಟ್ಟಿಗೆ ಹಾಕಿದೆ. ಪಿನ್ನು ಸರಿಯಾಗಿ ಕೂತಿತು. ಕೂತಿತಲ್ಲ ಅಂತ ಸ್ವಿಚ್ ಒತ್ತಿದೆ. ಟಪ್ ಅಂತ ಒಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ಒಂದು ಕೆಪಾಸಿಟರ್, ಅಂದರೆ ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿ, ತಲೆ ಒಡೆದುಕೊಂಡು, ಹೊಟ್ಟೆಯಲ್ಲಿದ್ದ ಕಾಗದವೆಲ್ಲ ಹೊರಗೆ ಹಾಕಿ ಕೂತಿತ್ತು. ಮೋಡೆಮ್ಮಿನದು 12 ವೋಲ್ಟ್, ಪಿನ್ನಿನ ಒಳಗೆ ಪ್ಲಸ್. ನನ್ನ ಸೆಟ್ಟಿಗೆ ಬೇಕಾಗಿದ್ದದ್ದು 9 ವೋಲ್ಟ್, ಒಳಗೆ ಮೈನಸ್. ಎರಡೂ ತಪ್ಪು.

ಹಾಗಾಗಿ ಮೊದಲ ಕೆಲಸ ಅಡಾಪ್ಟರ್. ಸೆಟ್ಟಿನ ಹಿಂದೆ ಅಥವಾ ತಳದಲ್ಲಿ ಚೀಟಿ ಇದ್ದರೆ ಓದಿ. ಸಾಮಾನ್ಯವಾಗಿ 9 ವೋಲ್ಟ್ ಡಿಸಿ ಅಂತ ಇರುತ್ತದೆ, ಇತ್ತೀಚಿನ ಕೆಲವು ಸೆಟ್ಟುಗಳಿಗೆ 5 ವೋಲ್ಟ್ ಸಾಕು. ಪಕ್ಕದಲ್ಲಿ ಒಂದು ಚಿತ್ರ ಇರುತ್ತದೆ, ನಡುವೆ ಚುಕ್ಕಿ, ಸುತ್ತ ಅರ್ಧ ಚಂದ್ರನ ಥರ ಗೆರೆ, ಆ ಕಡೆ ಈ ಕಡೆ ಪ್ಲಸ್ ಮೈನಸ್ ಗುರುತು. ಚುಕ್ಕಿಗೆ ಯಾವ ಗುರುತು ಸೇರಿದೆಯೋ ಅದೇ ಪಿನ್ನಿನ ಒಳಗಡೆ ಬರಬೇಕು. ಹೊಸ ಅಡಾಪ್ಟರ್ ಮೇಲೂ ಅದೇ ಚಿತ್ರ ಇರುತ್ತದೆ, ಎರಡೂ ಒಂದೇ ಇರಬೇಕು ಅಷ್ಟೇ. ಚೀಟಿ ಹರಿದುಹೋಗಿದೆ ಅಂದರೆ ಕೇಳಿ: ಸೆಟ್ಟು ಬಿಚ್ಚಿ, ಅದರಲ್ಲಿ ಮೂರು ಕಾಲಿನ ಒಂದು ಕಪ್ಪು ಸಾಮಾನು ಇರುತ್ತದೆ, ಮೇಲೆ 7805 ಅಂತ ಬರೆದಿರುತ್ತದೆ. 9 ವೋಲ್ಟನ್ನು 5ಕ್ಕೆ ಇಳಿಸುವುದು ಅದರ ಕೆಲಸ. ಅದರ ನಡುವಿನ ಕಾಲು ಯಾವಾಗಲೂ ಮೈನಸ್. ಕರೆಂಟು ಅಳೆಯುವ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಕಡ್ಡಿ ಆ ಕಾಲಿಗೆ, ಇನ್ನೊಂದು ಅಡಾಪ್ಟರ್ ಹಾಕುವ ತೂತಿನ ನಡುವಿನ ಪಿನ್ನಿಗೆ ಮುಟ್ಟಿಸಿ. ಬೀಪ್ ಅಂದರೆ ಒಳಗೆ ಮೈನಸ್. ಅನ್ನದಿದ್ದರೆ ತೂತಿನ ಹೊರಗಡೆಯ ತಗಡಿಗೆ ಮುಟ್ಟಿಸಿ ನೋಡಿ, ಅಲ್ಲಿ ಬೀಪ್ ಅಂದರೆ ಒಳಗೆ ಪ್ಲಸ್. ತೂತಿನ ಪಕ್ಕದಲ್ಲೇ ನಾಲ್ಕು ಡಯೋಡ್ (ಒಂದು ತುದಿಗೆ ಪಟ್ಟೆ ಇರುವ ಪುಟ್ಟ ಕೊಳವೆ) ಚೌಕಾಕಾರದಲ್ಲಿ ಕೂತಿದ್ದರೆ ನೀವು ಪುಣ್ಯವಂತರು, ಹೇಗೆ ಹಾಕಿದರೂ ನಡೆಯುತ್ತದೆ.

ನನ್ನ ಹಾಗೆ ಸುಟ್ಟುಕೊಂಡಿದ್ದರೂ ಗಾಬರಿ ಬೇಡ. ಮುಖ್ಯ ಚಿಪ್ಪಿಗೆ ಏಟು ಬೀಳುವ ಮೊದಲು ಸಾಮಾನ್ಯವಾಗಿ ಕೆಪಾಸಿಟರ್ರೋ 7805ಓ ಹೋಗಿರುತ್ತದೆ. ಒಡೆದ ಕೆಪಾಸಿಟರ್ ಮೇಲಿನ ಅಂಕಿ ನೋಡಿ, ಅಷ್ಟೇ ಮೈಕ್ರೋಫ್ಯಾರಡ್ಡಿನದು ತನ್ನಿ, ವೋಲ್ಟ್ ಮಾತ್ರ ಅಷ್ಟೇ ಇರಲಿ ಅಥವಾ ಜಾಸ್ತಿ ಇರಲಿ, ಕಮ್ಮಿ ಬೇಡ. ಅದರ ಮೈಯಲ್ಲಿ ಪಟ್ಟೆ ಇರುವ ಕಡೆ ಮೈನಸ್. ಬೆಸುಗೆ ಹಾಕಲು ಬರದಿದ್ದರೆ ಮಿಕ್ಸಿ, ರೇಡಿಯೋ ರಿಪೇರಿ ಮಾಡುವ ಯಾರಾದರೂ ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನಮ್ಮ ಬಡಾವಣೆಯ ರಿಪೇರಿಯವರು ಸೆಟ್ಟು ನೋಡಿ ನಕ್ಕು, "ಇದಕ್ಕೆ ದುಡ್ಡು ಬೇಡ ಸರ್, ಸರಿ ಆದರೆ ಒಂದು ಸ್ಟೇಜ್ ಮಾರಿಯೋ ಆಡಿ ಹೋಗ್ತೀನಿ" ಅಂದರು. ಆಡಿಯೇ ಹೋದರು ಕೂಡ.

ಈಗ ಈ ಪೆಟ್ಟಿಗೆ ಏನು ಅಂತ ಸ್ವಲ್ಪ ತಿಳಿದಿರಲಿ, ಮುಂದಿನ ಕೆಲಸ ಸುಲಭ ಆಗುತ್ತದೆ. ನಾವು ಆಡಿದ ಸೆಟ್ಟುಗಳಲ್ಲಿ ಬಹುಪಾಲು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಲಿ ಕಂಪ್ಯೂಟರ್ ಅನ್ನುವ ಯಂತ್ರದ ನಕಲು. ನಿಂಟೆಂಡೊ ಅನ್ನುವ ಹೆಸರೇ ನಮಗೆ ಗೊತ್ತಿರಲಿಲ್ಲ. ನಮಗೆ ಅದು ಟೀವಿ ಗೇಮ್, ಅದಕ್ಕೆ ಹಾಕುವುದು ಕ್ಯಾಸೆಟ್. ಯಂತ್ರದ ಮಿದುಳು ಸೆಕೆಂಡಿಗೆ ಸುಮಾರು 18 ಲಕ್ಷ ಬಡಿತದ್ದು, ಕೆಲಸಕ್ಕೆ ಇರುವ ಮೆಮೊರಿ 2 ಕೆಬಿ. 1985ರ ಮಾರಿಯೋ ಆಟ ಪೂರ್ತಿ ಸೇರಿ 40 ಕೆಬಿ. ಈಗ ವಾಟ್ಸಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಹಾಕಿದ್ದಾರೆ, ಬಣ್ಣ ಮಾತ್ರ ಬೇರೆ. ಸರಿಯಾಗಿ ನೋಡಿ, ಆಮೇಲೆ ಕಣ್ಣಿಂದ ಹೋಗುವುದೇ ಇಲ್ಲ. ನಮಗೆ ಬೇಕಾದ ವಿಷಯ ಏನೆಂದರೆ ಈ ನಕಲುಗಳಲ್ಲಿ ಹೆಚ್ಚಿನವು ಒಂದೇ ಅಳತೆಯ 60 ಪಿನ್ನಿನ ಕ್ಯಾಸೆಟ್ ಬಳಸುತ್ತವೆ. ನಿಮ್ಮ ಸೆಟ್ಟಿನ ಹೆಸರು ಏನೇ ಇರಲಿ, ಪಕ್ಕದ ಮನೆಯ ಹಳದಿ ಕ್ಯಾಸೆಟ್ ಸಾಮಾನ್ಯವಾಗಿ ಅದಕ್ಕೆ ಕೂರುತ್ತದೆ.

ಕ್ಯಾಸೆಟ್ ಹಾಕಿದೆ, ಪರದೆ ಬರೀ ಬೂದು ಬಣ್ಣ, ಇಲ್ಲವೇ ಚೌಕ ಚೌಕವಾಗಿ ಏನೇನೋ ಅಕ್ಷರ. ಆಗ ನಾವೆಲ್ಲ ಏನು ಮಾಡುತ್ತಿದ್ದೆವು ಗೊತ್ತಲ್ವಾ, ಕ್ಯಾಸೆಟ್ ತೆಗೆದು ಬಾಯಿಂದ ಊದುವುದು. ಕೊಳಲು ಊದಿದ ಹಾಗೆ ಆ ತುದಿಯಿಂದ ಈ ತುದಿಗೆ. ಊದಿದ ಮೇಲೆ ಸರಿ ಹೋಗುತ್ತಿತ್ತು, ಅದೂ ನಿಜ. ಆದರೆ ಸರಿ ಹೋಗುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದಕ್ಕೆ, ಪಿನ್ನು ಬೇರೆ ಜಾಗದಲ್ಲಿ ಕೂತಿದ್ದಕ್ಕೆ. ಉಸಿರಿನಲ್ಲಿರುವ ನೀರು ಮಾತ್ರ ತಾಮ್ರಕ್ಕೆ ಅಂಟಿಕೊಂಡು ಕಿಲುಬು ಹಿಡಿಸುತ್ತಿತ್ತು. ನನ್ನ ಒಂದು ಕ್ಯಾಸೆಟ್ ಬಿಚ್ಚಿದಾಗ 60 ಪಿನ್ನಿನಲ್ಲಿ ಒಂದು ತುದಿಯ ಏಳೆಂಟು ಪಿನ್ನು ಹಸಿರಾಗಿದ್ದವು. ಅಕ್ಕ ಯಾವಾಗಲೂ ಆ ತುದಿಯಿಂದಲೇ ಊದಲು ಶುರು ಮಾಡುತ್ತಿದ್ದಳು. ಅವಳು ಒಪ್ಪುವುದಿಲ್ಲ, ಬಿಡಿ.

ಇನ್ನು ಮುಂದೆ ಊದಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ಮೊಬೈಲ್ ರಿಪೇರಿಯವರ ಹತ್ತಿರವಂತೂ ಇದ್ದೇ ಇರುತ್ತದೆ. 99 ಪರ್ಸೆಂಟಿನದು ಒಳ್ಳೆಯದು. ಹತ್ತಿ ಕಡ್ಡಿಗೆ ಸ್ವಲ್ಪ ಅದ್ದಿ, ಪಿನ್ನಿನ ಉದ್ದಕ್ಕೆ ಒರೆಸಿ. ಹತ್ತಿ ಕರ್ರಗಾಗುತ್ತದೆ, ಇನ್ನೊಂದು ತಗೊಳ್ಳಿ, ಬೆಳ್ಳಗೆ ಬರುವವರೆಗೂ ಒರೆಸಿ. ಹಠ ಹಿಡಿದ ಕಲೆಗೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು, ಮೆಲ್ಲಗೆ ಉಜ್ಜಿ, ಪುಡಿ ಒರೆಸಿಬಿಡಿ. ಸ್ಯಾಂಡ್‌ಪೇಪರ್ ಮುಟ್ಟಲೇಬೇಡಿ, ಪಿನ್ನಿನ ಮೇಲಿರುವ ತೆಳು ಲೇಪ ಹೋದರೆ ಮತ್ತೆ ಬರುವುದಿಲ್ಲ. ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆ ಅಂತ ಅದನ್ನು ಹಾಕಬೇಡಿ, ಅದರಲ್ಲಿ ನೀರೂ ಜಿಡ್ಡೂ ಇರುತ್ತದೆ.

ಕ್ಯಾಸೆಟ್ ಸ್ವಚ್ಛ ಆದರೂ ಆಗಲಿಲ್ಲ ಅಂದರೆ ಕೊಳೆ ಸೆಟ್ಟಿನ ಬಾಯಲ್ಲಿದೆ. ಅವಧಿ ಮುಗಿದ ಒಂದು ಎಟಿಎಂ ಕಾರ್ಡಿಗೆ ತೆಳುವಾದ ಹತ್ತಿ ಬಟ್ಟೆ ಒಂದೇ ಸುತ್ತು ಸುತ್ತಿ, ಅದೇ ಆಲ್ಕೋಹಾಲ್ ಹಚ್ಚಿ, ಕ್ಯಾಸೆಟ್ ಹಾಕಿ ತೆಗೆಯುವ ಹಾಗೆ ಐದಾರು ಸಲ ಹಾಕಿ ತೆಗೆಯಿರಿ. ದಪ್ಪ ಬಟ್ಟೆ ಬೇಡ, ಪಿನ್ನು ಅಗಲ ಆದರೆ ಆಮೇಲೆ ಕ್ಯಾಸೆಟ್ ಸಡಿಲ ಆಗುತ್ತದೆ. ಹತ್ತು ನಿಮಿಷ ಒಣಗಲು ಬಿಡಿ. ಕ್ಯಾಸೆಟ್ ಹಾಕುವಾಗ, ತೆಗೆಯುವಾಗ ಪವರ್ ಆಫ್ ಇರಲಿ. ಚಿಕ್ಕಂದಿನಲ್ಲಿ ಆನ್ ಇದ್ದಾಗಲೇ ಎಳೆಯುತ್ತಿದ್ದೆವು, ಹೇಗೆ ಬದುಕಿತೋ ಏನೋ.

ಟೀವಿಗೆ ಬರೋಣ. ಜಾಸ್ತಿ ಜನ ಸೋಲುವುದು ಇಲ್ಲೇ. ಸೆಟ್ಟಿನ ಹಿಂದೆ ಹಳದಿ, ಬಿಳಿ ಎರಡು ದುಂಡು ತೂತು ಇದ್ದರೆ ಅದು ಎವಿ, ಹಳದಿ ಚಿತ್ರಕ್ಕೆ, ಬಿಳಿ ಸದ್ದಿಗೆ. ಕೆಂಪು ಇಲ್ಲವಲ್ಲ ಅಂತ ಚಿಂತೆ ಬೇಡ, ಈ ಯಂತ್ರದ ಸದ್ದು ಒಂದೇ ಕಡೆಯದು. ಹೊಸ ಟೀವಿಗಳಲ್ಲಿ ಹಳದಿ ತೂತು ಕಾಣದಿದ್ದರೂ, ಹೆಡ್‌ಫೋನ್ ತೂತಿನ ಥರದ್ದೊಂದಕ್ಕೆ ಪಕ್ಕದಲ್ಲಿ ಎವಿ ಇನ್ ಅಂತ ಬರೆದಿರಬಹುದು. ಅದಕ್ಕೆ ಒಂದು ಕಡೆ ಸಣ್ಣ ಪಿನ್ನು, ಇನ್ನೊಂದು ಕಡೆ ಮೂರು ಬಣ್ಣದ ತೂತು ಇರುವ ಸಣ್ಣ ಕೇಬಲ್ ಬೇಕು. ಟೀವಿ ಜತೆ ಡಬ್ಬದಲ್ಲಿ ಬಂದಿರುತ್ತದೆ, ಹುಡುಕಿ.

ಅದೂ ಇಲ್ಲ, ಬರೀ ಎಚ್‌ಡಿಎಂಐ ಇದೆ ಅಂದರೆ ಒಂದು ಪುಟ್ಟ ಕನ್ವರ್ಟರ್ ಪೆಟ್ಟಿಗೆ ಬೇಕು. ಇಲ್ಲಿ ಹುಷಾರು. ಎವಿಯಿಂದ ಎಚ್‌ಡಿಎಂಐಗೆ ಮಾಡುವುದು ಒಂದು, ಎಚ್‌ಡಿಎಂಐಯಿಂದ ಎವಿಗೆ ಮಾಡುವುದು ಇನ್ನೊಂದು. ನೋಡಲು ಅವಳಿ ಜವಳಿ, ಬಣ್ಣವೂ ಒಂದೇ, ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನನಗೆ ಅಂಗಡಿಯವರು ಉಲ್ಟಾ ಕೊಟ್ಟರು, "ಎರಡೂ ಕಡೆ ಹೋಗುತ್ತೆ ಸರ್" ಅಂತ ಬೇರೆ ಹೇಳಿದರು. ಒಂದು ಇಡೀ ಸಂಜೆ ನೀಲಿ ಪರದೆ ನೋಡುತ್ತಾ ಕೂತಿದ್ದೆ. ಗುರುತು ಹೇಳುತ್ತೇನೆ: ಸ್ವಿಚ್ಚಿನ ಪಕ್ಕ ಪಾಲ್, ಎನ್‌ಟಿಎಸ್‌ಸಿ ಅಂತ ಇದ್ದರೆ ಸಾಮಾನ್ಯವಾಗಿ ಅದು ನಮಗೆ ಬೇಡದ್ದು. 720, 1080 ಅಂತ ಇದ್ದರೆ ಅದು ಬೇಕಾದ್ದು. ಅದಕ್ಕೆ ಯುಎಸ್‌ಬಿಯಿಂದ ಕರೆಂಟೂ ಕೊಡಬೇಕು, ಮೊಬೈಲ್ ಚಾರ್ಜರ್ ಸಾಕು.

ತೀರಾ ಹಳೇ ಸೆಟ್ಟಾಗಿದ್ದು ಆಂಟೆನಾ ವೈರು ಮಾತ್ರ ಇದ್ದರೆ, ಅದನ್ನು ಟೀವಿಯ ಆಂಟೆನಾ ತೂತಿಗೆ ಹಾಕಿ, ಸೆಟ್ಟು ಆನ್ ಮಾಡಿ, ಅನಲಾಗ್ ಚಾನೆಲ್ ಹುಡುಕಲು ಬಿಡಿ. ಒಂದು ಕಡೆ ನಿಲ್ಲುತ್ತದೆ. ಅಪ್ಪ ದೂರದರ್ಶನಕ್ಕೆ ಟ್ಯೂನ್ ಮಾಡಿಟ್ಟಿದ್ದ ಗುಂಡಿಯನ್ನು ನಾವು ಗೇಮಿಗೆ ಅಂತ ತಿರುಗಿಸಿ, ಸಂಜೆ ವಾರ್ತೆ ಹೊತ್ತಿಗೆ ಬೈಸಿಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ.

ಚಿತ್ರ ಬಂದ ಮೇಲೆ ಎರಡು ಕೆಲಸ. ಟೀವಿಯ ಅಳತೆಯನ್ನು 4:3ಕ್ಕೆ ಇಡಿ, ಇಲ್ಲದಿದ್ದರೆ ಮಾರಿಯೋ ಮದುವೆ ಊಟ ಮಾಡಿ ಬಂದವನ ಹಾಗೆ ದಪ್ಪ ಕಾಣುತ್ತಾನೆ. ಮತ್ತೆ ಗೇಮ್ ಮೋಡ್ ಆನ್ ಮಾಡಿ. ಹೊಸ ಟೀವಿಗಳು ಬಂದ ಚಿತ್ರವನ್ನು ಚೆಂದ ಮಾಡಿ ತೋರಿಸಲು ಒಂದಿಷ್ಟು ಹೊತ್ತು ತಗೊಳ್ಳುತ್ತವೆ. ಸಿನಿಮಾಕ್ಕೆ ಅದು ಗೊತ್ತಾಗುವುದಿಲ್ಲ. ಮಾರಿಯೋಗೆ ಗೊತ್ತಾಗುತ್ತದೆ, ನೀವು ಬಟನ್ ಒತ್ತಿರುತ್ತೀರಿ, ಅವನು ಹಳ್ಳಕ್ಕೆ ಬಿದ್ದ ಮೇಲೆ ಹಾರುತ್ತಾನೆ. ವಯಸ್ಸಾಯಿತು, ಕೈ ನಿಧಾನ ಆಯಿತು ಅಂತ ಒಂದು ವಾರ ಬೇಜಾರು ಮಾಡಿಕೊಂಡಿದ್ದೆ. ಟೀವಿ ನಿಧಾನ ಅಷ್ಟೇ.

ಗನ್ನಿನ ವಿಷಯ ಬೇರೆ. ಬಾತುಕೋಳಿ ಹೊಡೆಯುವ ಆಟ ಎಲ್‌ಇಡಿ ಟೀವಿಯಲ್ಲಿ ಆಗುವುದಿಲ್ಲ, ಗನ್ನು ಕೆಟ್ಟಿದೆ ಅಂತ ಬಿಚ್ಚಬೇಡಿ. ಗನ್ನಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ನೋಡುವ ಕಣ್ಣು. ಕುದುರೆ (ಟ್ರಿಗರ್) ಎಳೆದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ, ಆಮೇಲೆ ಬಾತುಕೋಳಿ ಇರುವ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚುತ್ತದೆ. ಗನ್ನಿನ ಕಣ್ಣಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಹೊಡೆದ ಹಾಗೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಡಬ್ಬಾ ಟೀವಿಯಲ್ಲಿ ಚಿತ್ರ ಬಂದಂತೆ ಬಂದಂತೆ ಗೆರೆ ಗೆರೆಯಾಗಿ ಬೀಳುತ್ತದೆ, ಹೊಸ ಟೀವಿಯಲ್ಲಿ ಆ ಬೆಳಕು ತಡವಾಗಿ ಬರುತ್ತದೆ, ಅಷ್ಟರಲ್ಲಿ ಆಟ ಕಾಯುವುದನ್ನು ಬಿಟ್ಟಿರುತ್ತದೆ. ಹಾಗಾಗಿ ಬಾತುಕೋಳಿ ಬೇಕೇ ಬೇಕು ಅಂದರೆ ಡಬ್ಬಾ ಟೀವಿಯೇ ಆಗಬೇಕು. ಗುಜರಿಯವರಿಗೆ ಹೇಳಿಟ್ಟರೆ ಸಿಗುತ್ತದೆ, ನನಗೆ 400 ರೂಪಾಯಿಗೆ 14 ಇಂಚಿನದು ಸಿಕ್ಕಿತು. ಅದರ ಹಿಂದಿನ ಡಬ್ಬ ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಗಾಜಿನ ಟ್ಯೂಬು ಸಾವಿರಗಟ್ಟಲೆ ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಗನ್ನಿನ ತುದಿಯನ್ನು ಪರದೆಗೇ ಅಂಟಿಸಿ ಹೊಡೆಯುವುದು ಈಗಲೂ ನಡೆಯುತ್ತದೆ, ನೋಡಿದೆ. ಬಾತುಕೋಳಿ ತಪ್ಪಿದಾಗ ಆ ನಾಯಿ ಈಗಲೂ ಹಾಗೇ ನಗುತ್ತದೆ.

ಜಾಯ್‌ಸ್ಟಿಕ್ಕಿನ ಬಟನ್ ಜೋರಾಗಿ ಒತ್ತಿದರೆ ಮಾತ್ರ ಕೇಳುತ್ತದೆ ಅಂದರೆ ಹಿಂದಿನ ಸ್ಕ್ರೂ ಬಿಚ್ಚಿ. ಒಳಗೆ ರಬ್ಬರಿನ ಟೋಪಿಗಳು, ಅವುಗಳ ತಲೆಯ ಒಳಗೆ ಕಪ್ಪು ಚುಕ್ಕಿ ಇರುತ್ತದೆ. ಚುಕ್ಕಿ ಬೋರ್ಡಿಗೆ ಮುಟ್ಟಿದಾಗ ಬಟನ್ ಒತ್ತಿದ ಹಾಗೆ. ಎರಡನ್ನೂ ಒರೆಸಿ. ಚುಕ್ಕಿ ಸವೆದಿದ್ದರೆ ಅದರ ಮೇಲೆ 6ಬಿ ಪೆನ್ಸಿಲ್ಲಿನಿಂದ ಚೆನ್ನಾಗಿ ತೀಡಿ, ಕೆಲವು ತಿಂಗಳು ಓಡುತ್ತದೆ. ಒಂದು ಬಟನ್ನೂ ಕೆಲಸ ಮಾಡದಿದ್ದರೆ ವೈರು ತುಂಡಾಗಿದೆ, ಜಾಯ್‌ಸ್ಟಿಕ್ಕಿನ ಕುತ್ತಿಗೆಯ ಹತ್ತಿರ ಬಗ್ಗಿಸಿ ನೋಡಿ. ನೂಲು ಸುತ್ತಿದ ಹಾಗೆ ಜಾಯ್‌ಸ್ಟಿಕ್ಕಿಗೇ ವೈರು ಬಿಗಿದು ಇಟ್ಟವರ ಮನೆಯಲ್ಲೆಲ್ಲ ಹೀಗೆ ಆಗಿರುತ್ತದೆ. ಹೊಸ ಜಾಯ್‌ಸ್ಟಿಕ್ ಬೇಕಾದರೆ ತುದಿಯಲ್ಲಿ 9 ತೂತಿದೆಯಾ 15 ಇದೆಯಾ ಎಣಿಸಿಕೊಂಡು ಹೋಗಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು, ಬೆಳಗ್ಗೆ ರೈಲಿಗೆ ಹೋಗಿ ಸಂಜೆ ತುಮಕೂರಿಗೆ ಬಂದುಬಿಡಬಹುದು.

ಇಷ್ಟು ಆದ ಮೇಲೆ ಆಟ. ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿರುವುದನ್ನು ಆಗಲೂ ನಂಬಿದ್ದೆವು. ಒಂದೊಂದಾಗಿ ಕೆಳಗೆ ಹೋಗುತ್ತಾ ಹೊಸದು ಸಿಗಬಹುದು ಅಂತ ಒಂದು ಬೇಸಿಗೆ ರಜೆ ಕಳೆದಿದ್ದೇನೆ. ಇರುವುದು ಬೆರಳೆಣಿಕೆಯ ಆಟ, ಅವೇ ಬೇರೆ ಬೇರೆ ಸ್ಟೇಜಿನಿಂದ ಶುರುವಾಗುತ್ತವೆ.

ಮಾರಿಯೋದಲ್ಲಿ ನಮಗೆ ಆಗ ಗೊತ್ತಿಲ್ಲದ ಒಂದು ಗುಟ್ಟಿದೆ. ಗೇಮ್ ಓವರ್ ಆಗಿ ಮೊದಲ ಪರದೆಗೆ ಬಂದಾಗ ಎ ಒತ್ತಿ ಹಿಡಿದುಕೊಂಡು ಸ್ಟಾರ್ಟ್ ಒತ್ತಿ. ಸತ್ತ ವರ್ಲ್ಡಿನ ಮೊದಲ ಸ್ಟೇಜಿನಿಂದ ಶುರು ಆಗುತ್ತದೆ. ಪವರ್ ಆಫ್ ಮಾಡಿದರೆ ಹೋಯಿತು. ಗಂಟೆಗೆ 5 ರೂಪಾಯಿ ಕೊಟ್ಟು ಅಂಗಡಿಯಲ್ಲಿ ಆಡುತ್ತಿದ್ದ ಕಾಲಕ್ಕೆ ಇದು ಗೊತ್ತಿದ್ದಿದ್ದರೆ! 1-2ರಲ್ಲಿ, ಅಂದರೆ ಮೊದಲ ವರ್ಲ್ಡಿನ ಎರಡನೇ ಸ್ಟೇಜಿನಲ್ಲಿ, ಕೊನೆಗೆ ಇಟ್ಟಿಗೆ ಚಾವಣಿ ಮೇಲೆ ಹತ್ತಿ, ಹೊರಗೆ ಹೋಗುವ ಪೈಪನ್ನೂ ದಾಟಿ ಓಡಿದರೆ 2, 3, 4ನೇ ವರ್ಲ್ಡಿಗೆ ಹೋಗುವ ಮೂರು ಪೈಪು ಸಿಗುವುದು ಎಲ್ಲರಿಗೂ ನೆನಪಿರುತ್ತದೆ.

ಗುಂಡು ಹಾರಿಸುವ ಆಟ ಕಾಂಟ್ರಾದ ಹೆಸರು ಬರುವ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಆಮೇಲೆ ಸ್ಟಾರ್ಟ್. 30 ಲೈಫು. ಇಬ್ಬರು ಆಡುವುದಾದರೆ ಸ್ಟಾರ್ಟಿಗೆ ಮೊದಲು ಸೆಲೆಕ್ಟ್ ಒಂದು ಸಲ. ಟರ್ಬೋ ಬಟನ್ ಒತ್ತಬೇಡಿ, ಅದು ಒಂದರ ಬದಲು ಹತ್ತು ಸಲ ಒತ್ತಿದ ಹಾಗೆ ಆಗಿ ಲೆಕ್ಕ ತಪ್ಪುತ್ತದೆ. ಕಝುಹಿಸಾ ಹಶಿಮೊಟೊ ಅನ್ನುವವರು 1986ರಲ್ಲಿ ಗ್ರೇಡಿಯಸ್ ಅನ್ನುವ ಆಟವನ್ನು ಈ ಯಂತ್ರಕ್ಕೆ ತರುವಾಗ, ತಮಗೇ ಆಡಲು ಕಷ್ಟ ಆಗುತ್ತಿದೆ ಅಂತ ಪರೀಕ್ಷೆಗೆ ಇಟ್ಟುಕೊಂಡಿದ್ದ ಕಳ್ಳದಾರಿ ಇದು. ತೆಗೆಯದೆ ಹಾಗೇ ಉಳಿದು, ಕಾಂಟ್ರಾಕ್ಕೂ ಬಂತು.

ಆದರೆ ಇಬ್ಬರು ಕೂತು ಆಡಲು ನನ್ನ ಕೇಳಿದರೆ ಟ್ಯಾಂಕ್ ಗೇಮೇ. ಪಟ್ಟಿಯಲ್ಲಿ ಬ್ಯಾಟಲ್ ಸಿಟಿ ಅಂತಲೋ ಟ್ಯಾಂಕ್ 1990 ಅಂತಲೋ ಇರುತ್ತದೆ. ಒಂದು ಸ್ಟೇಜಿಗೆ 20 ಶತ್ರು ಟ್ಯಾಂಕು, ಕೆಳಗೆ ಇಟ್ಟಿಗೆ ಗೂಡಿನಲ್ಲಿ ನಮ್ಮ ಹದ್ದು. ಜತೆಗಾರನಿಗೆ ಗುಂಡು ತಗುಲಿದರೆ ಸಾಯುವುದಿಲ್ಲ, ಸ್ವಲ್ಪ ಹೊತ್ತು ಕಲ್ಲಿನ ಹಾಗೆ ನಿಂತುಬಿಡುತ್ತಾನೆ. ಹದ್ದನ್ನು ನಾವೇ ಹೊಡೆದರೂ ಆಟ ಮುಗಿಯುತ್ತದೆ. ಈ ಎರಡು ನಿಯಮ ಸಾಕು, ಒಂದು ಮನೆಯಲ್ಲಿ ಜಗಳ ಆಗಲು. ಅಕ್ಕ ಈ ಸಲ ಗೌರಿ ಹಬ್ಬಕ್ಕೆ ಬಂದಾಗ ಬಾಗಿನ ಪಕ್ಕಕ್ಕಿಟ್ಟು ಸುಮ್ನೆ ಒಂದು ಆಟ ಅಂತ ಕೂತಳು. ಮೂರನೇ ಸ್ಟೇಜಿನಲ್ಲಿ ಟ್ಯಾಂಕಿನ ಬಲ ಹೆಚ್ಚಿಸುವ ನಕ್ಷತ್ರ ನನ್ನ ಹತ್ತಿರವೇ ಬಂತು. ನಾನು ಹೋಗುವಷ್ಟರಲ್ಲಿ ನನ್ನ ಟ್ಯಾಂಕು ಮಿನುಗುತ್ತಾ ನಿಂತಿತು. ತಿರುಗಿ ನೋಡಿದೆ. "ಏನೋ, ಕೈ ತಾಕಿತು ಕಣೋ" ಅಂದಳು, ಮೂವತ್ತು ವರ್ಷದ ಹಿಂದೆ ಹೇಳಿದ ಹಾಗೇ. ಅವಳ ಮಗ "ಅಮ್ಮ ಚೀಟಿಂಗು" ಅಂತ ಕಿರುಚಿದ.

ಸೆಟ್ಟು ಪೂರ್ತಿ ಸತ್ತಿದ್ದರೆ ಏನು ಮಾಡುವುದು? ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಹಳೇ ಯಂತ್ರದ ಆಟ ಓಡಿಸುವ ರೆಟ್ರೋಆರ್ಚ್ ಅನ್ನುವ ಆ್ಯಪ್ ಹಾಕಿಕೊಳ್ಳಬಹುದು, ಅದು ಉಚಿತ. ಆಟದ ಫೈಲುಗಳು ಮಾತ್ರ ಇನ್ನೂ ಕಂಪನಿಗಳ ಹಕ್ಕಿನಲ್ಲಿವೆ, ಅದು ತಿಳಿದಿರಲಿ. ಮೊಬೈಲಿನ ಗಾಜಿನ ಮೇಲೆ ಮಾತ್ರ ಆಡಬೇಡಿ, ಅದಕ್ಕಿಂತ ಆಡದೇ ಇರುವುದು ವಾಸಿ, ಒಂದು ಯುಎಸ್‌ಬಿ ಜಾಯ್‌ಸ್ಟಿಕ್ ತಗೊಳ್ಳಿ. ಜಾತ್ರೆಯಲ್ಲಿ ಸಿಗುವ 400 ಆಟದ ಅಂಗೈ ಅಗಲದ ಪೆಟ್ಟಿಗೆಯೂ ಪರವಾಗಿಲ್ಲ. ಅದರಲ್ಲಿ ಬರುವುದು ಸಾಮಾನ್ಯವಾಗಿ ಹಳೇ ನೋಕಿಯಾದ ಬಿಎಲ್-5ಸಿ ಅಳತೆಯ ಬ್ಯಾಟರಿ. ಹೋದರೆ ಅಜ್ಜಿಯ ಫೋನಿನದು ಹಾಕಬಹುದು, ಅಜ್ಜಿಗೆ ಹೇಳಿ ಹಾಕಿ.

ಆಡಿ ಮುಗಿದ ಮೇಲೆ ವಾಪಸ್ ಇಡುವಾಗ ಕ್ಯಾಸೆಟ್ಟನ್ನು ಸೆಟ್ಟಿನಲ್ಲೇ ಬಿಡಬೇಡಿ. ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜತೆಗೆ ಹಾಕಿ. ವೈರು ಸಡಿಲವಾಗಿ ಸುತ್ತಿ. ಅಡಾಪ್ಟರ್ ಮೇಲೆ ಅದು ಯಾವುದಕ್ಕೆ ಅಂತ ದಪ್ಪಗೆ ಬರೆಯಿರಿ. ನಮ್ಮ ಮನೆಯಲ್ಲಿ ಅಮ್ಮನೇ ಬಿಳಿ ಪ್ಲಾಸ್ಟರ್ ಅಂಟಿಸಿ ಬರೆದಿದ್ದಾರೆ, ಆದರೆ ಗೇಮಿನ ಅಡಾಪ್ಟರ್ ಮೇಲಲ್ಲ, ಮೋಡೆಮ್ಮಿನದರ ಮೇಲೆ: "ಇದನ್ನು ಕೀಳಬಾರದು."